ಗಟ್ಟಿ ಕಣಕ್ಕೆ ಇಳಿಯುವ ಮುನ್ನ: ಟೆಕ್ಸಾಸ್, ಓಕ್ಲಹೋಮಾ ತಂಡಗಳ ಬಲಾಬಲ

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟವು ಉಳಿದ ಜಗತ್ತು ಅದೇ ಹೆಸರಿನಿಂದ ಗುರುತಿಸುವ ಕಾಲ್ಚೆಂಡಾಟವಲ್ಲ; ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ, ಚೆಂಡು ಹಿಡಿದವನನ್ನು ಮೈಮೇಲೆ ಬಿದ್ದು ಕೆಡಹುವ ಬೇರೆಯದೇ ಒಂದು ಆಟ. 100 ಗಜ ಉದ್ದದ ಮೈದಾನದಲ್ಲಿ ತಲಾ 11 ಮಂದಿಯ ಎರಡು ತಂಡಗಳು ಎದುರಾಗುತ್ತವೆ; ಚೆಂಡು ಪಡೆದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ, ಸಾಗಿದರೆ ಮತ್ತೆ ನಾಲ್ಕು ದೊರೆಯುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ, ಮತ್ತು ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್ ಎಂಬ ಹೆಸರಿನಲ್ಲಿ 6 ಅಂಕಗಳು ಲಭಿಸುತ್ತವೆ. ಈ ಆಟದ ವೃತ್ತಿಪರ ಲೀಗ್ ಎಷ್ಟು ಜನಪ್ರಿಯವೋ ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಗಳೂ ಬಹುಮಟ್ಟಿಗೆ ಅಷ್ಟೇ ಜನಪ್ರಿಯವಾಗಿದ್ದು, ಲಕ್ಷಕ್ಕೂ ಹೆಚ್ಚು ಮಂದಿ ಕೂರಬಲ್ಲ ಕ್ರೀಡಾಂಗಣಗಳನ್ನು ಹಲವು ವಿಶ್ವವಿದ್ಯಾಲಯಗಳು ತಮ್ಮ ಆವರಣದಲ್ಲೇ ಹೊಂದಿವೆ. ಆಸ್ಟಿನ್ ಮತ್ತು ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ, ಶರತ್ಕಾಲದ ಶನಿವಾರಗಳಂದು ಬೀದಿ ತುಂಬ ಕಾಣಿಸುವ ಟೆಕ್ಸಾಸ್ ವಿಶ್ವವಿದ್ಯಾಲಯದ ಕಡುಗಿತ್ತಳೆ ಅಂಗಿಗಳ ಹಿಂದಿನ ಜ್ವರ ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ.

ಈ ತಂಡಗಳು ಕಾನ್ಫರೆನ್ಸ್ ಎಂದು ಕರೆಯಲಾಗುವ ಒಕ್ಕೂಟಗಳಲ್ಲಿ ಸೇರಿಕೊಂಡು, ಋತುವಿನ ಬಹುಪಾಲು ಪಂದ್ಯಗಳನ್ನು ತಂತಮ್ಮ ಒಕ್ಕೂಟದೊಳಗೇ ಆಡುತ್ತವೆ. ರಣಜಿ ಟ್ರೋಫಿಯಲ್ಲಿ ಪ್ಲೇಟ್ ಗುಂಪಿನಲ್ಲಿ ಗೆದ್ದ ತಂಡವು ಎಲೀಟ್ ಗುಂಪಿಗೆ ಬಡ್ತಿ ಪಡೆಯುವಂತೆ ಇಲ್ಲಿ ಆಟದ ಬಲದಿಂದ ಮೇಲಿನ ಒಕ್ಕೂಟಕ್ಕೆ ಏರುವ ವ್ಯವಸ್ಥೆಯಿಲ್ಲ; ಒಕ್ಕೂಟದ ಸದಸ್ಯ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಮತ ಹಾಕಿ ಆಹ್ವಾನಿಸಬೇಕು, ಮತ್ತು ಆ ಆಹ್ವಾನದ ಹಿಂದೆ ಅಂಕಪಟ್ಟಿಗಿಂತ ದೂರದರ್ಶನ ಪ್ರಸಾರದ ಹಣ, ಅಭಿಮಾನಿಗಳ ಸಂಖ್ಯೆ, ಹಳೆಯ ಹೆಸರು ಇವುಗಳೇ ಹೆಚ್ಚು ಕೆಲಸ ಮಾಡುತ್ತವೆ. ಆದ್ದರಿಂದ ಮೈದಾನದಲ್ಲಿ ಸಿದ್ಧವಾಗಿರದ ತಂಡವೊಂದು ಕಾಗದದ ಮೇಲೆ ಬಲು ಗಟ್ಟಿಯಾದ ಒಕ್ಕೂಟಕ್ಕೆ ಸೇರಿಬಿಡುವುದು ಸಾಧ್ಯ. ಸೇರ್ಪಡೆ ಪ್ರಕಟವಾದ ದಿನದಿಂದ ಮೊದಲ ಪಂದ್ಯದವರೆಗಿನ ಅವಧಿಯಲ್ಲಿ ತಂಡದ ಬಲಾಬಲಗಳನ್ನು ಅಳೆಯುವುದು ಅಲ್ಲಿನ ಕ್ರೀಡಾ ಬರಹಗಾರರ ನೆಚ್ಚಿನ ಕಸುಬಾಗಿರುವುದು ಈ ಕಾರಣಕ್ಕೇ.

ಇತ್ತೀಚಿನ ವರ್ಷಗಳಲ್ಲಿ ಈ ಅಳತೆಗೆ ಅತ್ಯಂತ ಹೆಚ್ಚು ಒಳಗಾದವು ಟೆಕ್ಸಾಸ್ ಮತ್ತು ಓಕ್ಲಹೋಮಾ ವಿಶ್ವವಿದ್ಯಾಲಯಗಳ ತಂಡಗಳು. 1996ರಲ್ಲಿ ಆಟ ಆರಂಭಿಸಿದ ಬಿಗ್ 12 ಒಕ್ಕೂಟದ ಆಧಾರಸ್ತಂಭಗಳಾಗಿದ್ದ ಇವೆರಡನ್ನೂ ಸೌತ್ ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ, 2021ರ ಜುಲೈ ಕೊನೆಯಲ್ಲಿ ಸರ್ವಾನುಮತದಿಂದ ಆಹ್ವಾನಿಸಿತು. ಮೂಲ ಒಪ್ಪಂದದ ಪ್ರಕಾರ 2025ರಲ್ಲಿ ಆಗಬೇಕಿದ್ದ ಈ ವಲಸೆಯು, ಎರಡೂ ವಿಶ್ವವಿದ್ಯಾಲಯಗಳು ಬಿಗ್ 12ಕ್ಕೆ ಒಟ್ಟು 10 ಕೋಟಿ ಡಾಲರ್ ಪರಿಹಾರ ಬಿಟ್ಟುಕೊಡಲು ಒಪ್ಪಿದ್ದರಿಂದ, 2024ರ ಜುಲೈ 1ರಂದೇ ಜಾರಿಗೆ ಬಂದಿತು. ಹೀಗೆ ಅವುಗಳಿಗೆ ತಯಾರಿಗಾಗಿ ದೊರೆತದ್ದು ಮೂರು ಋತುಗಳು. ಆ ಮೂರು ಋತುಗಳನ್ನು ಒಂದು ತಂಡ ಹೇಗೆ ಬಳಸಿಕೊಂಡಿತು, ಮತ್ತೊಂದು ಹೇಗೆ ಕಳೆದುಕೊಂಡಿತು ಎಂಬುದರಲ್ಲೇ ಮುಂದಿನ ಕಥೆಯ ಬಹುಪಾಲು ಅಡಗಿದೆ.

1932ರಲ್ಲಿ ಸ್ಥಾಪನೆಯಾದ ಎಸ್‌ಇಸಿಯಲ್ಲಿ ಅಲಬಾಮಾ, ಜಾರ್ಜಿಯಾ, ಲೂಸಿಯಾನಾ ಸ್ಟೇಟ್, ಫ್ಲೋರಿಡಾ, ಆಬರ್ನ್, ಟೆನೆಸ್ಸಿ ಮೊದಲಾದ ದಕ್ಷಿಣ ರಾಜ್ಯಗಳ ತಂಡಗಳಿವೆ. 2006ರಿಂದ 2022ರವರೆಗಿನ 17 ಋತುಗಳಲ್ಲಿ 13 ಬಾರಿ ರಾಷ್ಟ್ರೀಯ ಪ್ರಶಸ್ತಿ ಇದೇ ಒಕ್ಕೂಟದ ತಂಡಗಳಿಗೆ ಸಂದಿದೆ ಎಂಬ ಒಂದೇ ಲೆಕ್ಕ ಅದರ ಮಟ್ಟವನ್ನು ಹೇಳುತ್ತದೆಯಾದರೂ, ಆ ಮಟ್ಟ ಯಾವುದರಿಂದ ಬಂದಿತೆಂಬುದನ್ನು ಹೇಳುವುದಿಲ್ಲ. ಬಿಗ್ 12ರಲ್ಲಿ ಚೆಂಡನ್ನು ದೂರ ಎಸೆದು, ಬೇಗ ಬೇಗ ಆಡಿ, ಎದುರಾಳಿ 40 ಅಂಕ ಗಳಿಸಿದರೆ ತಾವು 45 ಗಳಿಸುವ ಶೈಲಿ ಬಹುಕಾಲ ಪ್ರಬಲವಾಗಿತ್ತು. ಎಸ್‌ಇಸಿಯ ಹೆಸರು ನಿಂತಿದ್ದು ಆಟಗಾರರ ಮೈಕಟ್ಟು ಮತ್ತು ಸಂಖ್ಯೆಯ ಮೇಲೆ: ಮುಂಚೂಣಿಯಲ್ಲಿ ಭಾರವೂ ವೇಗವೂ ಇರುವ ಆಟಗಾರರು, ಅವರು ದಣಿದಾಗ ಒಳಗೆ ಬರುವ ಎರಡನೆಯ ಸಾಲೂ ಬಹುಮಟ್ಟಿಗೆ ಅಷ್ಟೇ ಒಳ್ಳೆಯದು.

ಈ ಮುಂಚೂಣಿಯನ್ನು ಸ್ವಲ್ಪ ಹತ್ತಿರದಿಂದ ನೋಡದೆ ಬಲಾಬಲದ ಮಾತು ಅರ್ಥವಾಗುವುದಿಲ್ಲ. ಚೆಂಡು ಆಟಕ್ಕೆ ಬರುವ ಕ್ಷಣದಲ್ಲಿ ದಾಳಿ ತಂಡದ ಐವರು ಭಾರೀ ಆಟಗಾರರು ಗೆರೆಯ ಮೇಲೆ ಬಾಗಿ ನಿಂತಿರುತ್ತಾರೆ. ನಡುವಿನವನು ಸೆಂಟರ್, ಅವನ ಇಕ್ಕೆಲಗಳಲ್ಲಿ ಗಾರ್ಡ್‌ಗಳು, ಅಂಚುಗಳಲ್ಲಿ ಟ್ಯಾಕಲ್‌ಗಳು. ಸೆಂಟರ್ ತನ್ನ ಕಾಲುಗಳ ಸಂದಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟೊಡನೆ ಅದನ್ನು ಪಡೆಯುವ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯ ಸೂತ್ರಧಾರ, ಎಸೆಯಬೇಕಾದ ಜಾಗವನ್ನು ಹುಡುಕಿಕೊಳ್ಳಲು ಮೂರು ಸೆಕೆಂಡುಗಳ ಆಸುಪಾಸಿನಷ್ಟು ಕಾಲ ಮಾತ್ರ ಸಿಗುತ್ತದೆ, ಮತ್ತು ಅಷ್ಟನ್ನೂ ಅವನಿಗೆ ಗಳಿಸಿಕೊಡುವವರು ಆ ಐವರೇ. ಅವರಲ್ಲಿ ಒಬ್ಬನು ಕಾಲು ಇಡುವುದರಲ್ಲಿ ಅರೆಕ್ಷಣ ತಡಮಾಡಿದರೂ ಎದುರಾಳಿ ನುಗ್ಗಿ ಕ್ವಾರ್ಟರ್‌ಬ್ಯಾಕನ್ನು ಚೆಂಡು ಕೈಯಲ್ಲಿರುವಾಗಲೇ ನೆಲಕ್ಕೆ ಕೆಡಹುತ್ತಾನೆ. ಇದಕ್ಕೆ ಸ್ಯಾಕ್ ಎನ್ನುತ್ತಾರೆ. ಬಲಗೈಯಲ್ಲಿ ಎಸೆಯುವವನಿಗೆ ಎಡಬದಿಯಿಂದ ಬರುವ ಅಪಾಯ ಕಣ್ಣಿಗೆ ಬೀಳದ ಕಾರಣ ಎಡ ಟ್ಯಾಕಲ್‌ನ ಸ್ಥಾನಕ್ಕೆ ವಿಶೇಷ ಬೆಲೆಯಿದೆ. ರಕ್ಷಣೆಯ ಕಡೆಯಲ್ಲಿ ನಟ್ಟನಡುವೆ ನಿಲ್ಲುವ ಭಾರೀ ಆಟಗಾರನು ತಾನು ಯಾರನ್ನೂ ಕೆಡಹದಿದ್ದರೂ ಸರಿಯೇ, ಎದುರಾಳಿಯ ಇಬ್ಬರು ತನ್ನೊಬ್ಬನನ್ನೇ ತಡೆಯುತ್ತ ನಿಲ್ಲುವಂತೆ ಮಾಡಿದರೆ ಹಿಂದಿರುವ ಲೈನ್‌ಬ್ಯಾಕರ್‌ಗಳ ಕೈ ಬಿಡುವಾಗುತ್ತದೆ. ಅಂಕಪಟ್ಟಿಯಲ್ಲಿ ಈ ಕೆಲಸಕ್ಕೆ ಜಾಗವಿಲ್ಲ. ಪ್ರೇಕ್ಷಕರ ಕಣ್ಣೂ ಚೆಂಡಿನ ಹಿಂದೆಯೇ ಓಡುತ್ತದೆ.

ಓಕ್ಲಹೋಮಾದ ದೌರ್ಬಲ್ಯವನ್ನು ಅರಿಯಲು ಆಹ್ವಾನ ಬರುವವರೆಗೆ ಕಾಯಬೇಕಾಗಿರಲಿಲ್ಲ. ಬಿಗ್ 12ರ 14 ಪ್ರಶಸ್ತಿಗಳು ಅದರ ಖಾತೆಯಲ್ಲಿದ್ದವು, ಅವುಗಳಲ್ಲಿ ಆರು 2015ರಿಂದ 2020ರವರೆಗೆ ಸತತವಾಗಿ ಬಂದವು. ಬೇಕರ್ ಮೇಫೀಲ್ಡ್ 2017ರಲ್ಲಿ, ಕೈಲರ್ ಮರ್ರೆ 2018ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿ ಗೆದ್ದರು. ಆದರೆ ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಸೆಮಿಫೈನಲ್‌ಗೆ ನಾಲ್ಕು ಬಾರಿ ತಲುಪಿದ ತಂಡ ನಾಲ್ಕೂ ಬಾರಿ ಸೋತಿತು, ಅವುಗಳಲ್ಲಿ ಮೂರು ಸೋಲು ಎಸ್‌ಇಸಿಯ ತಂಡಗಳ ಎದುರೇ ಆದವು: 2017ರ ಋತುವಿನಲ್ಲಿ ಜಾರ್ಜಿಯಾ, 2018ರಲ್ಲಿ ಅಲಬಾಮಾ, 2019ರಲ್ಲಿ ಲೂಸಿಯಾನಾ ಸ್ಟೇಟ್. ಕೊನೆಯದರಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಜೋ ಬರೋ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಪಾಸ್‌ಗಳನ್ನು ಎಸೆದರು, ಪಂದ್ಯ 63-28ರಲ್ಲಿ ಮುಗಿಯಿತು. ತನ್ನ ಒಕ್ಕೂಟದಲ್ಲಿ ಎದುರಿಲ್ಲದಂತೆ ಮೆರೆದ ತಂಡದ ರಕ್ಷಣೆ ಹೊರಗಿನ ಕಣದಲ್ಲಿ ಎಷ್ಟು ತೆಳುವಾಗಿತ್ತೆಂಬುದು ಅಲ್ಲಿ ಬಯಲಾಯಿತು.

ಟೆಕ್ಸಾಸ್‌ಗೆ ಎಚ್ಚರಿಕೆ ಬಂದದ್ದು ಆಹ್ವಾನ ಸ್ವೀಕರಿಸಿದ ಕೆಲವೇ ವಾರಗಳಲ್ಲಿ. ಬಿಗ್ 12 ಹುಟ್ಟುವ ಮುನ್ನ ತನ್ನ ಹಳೆಯ ಒಕ್ಕೂಟದಲ್ಲೇ ಇದ್ದು 1990ರ ದಶಕದ ಆರಂಭದಲ್ಲಿ ಎಸ್‌ಇಸಿಗೆ ಹೋಗಿದ್ದ ಅರ್ಕನ್ಸಾಸ್ ತಂಡದ ಊರಿಗೆ 2021ರ ಸೆಪ್ಟೆಂಬರ್‌ನಲ್ಲಿ ಹೋಗಿ ಆಡಿದ ಟೆಕ್ಸಾಸ್ 40-21ರಿಂದ ಸೋತಿತಷ್ಟೇ ಅಲ್ಲ, ಎದುರಾಳಿ ಚೆಂಡನ್ನು ಎಸೆಯುವ ಗೋಜಿಗೇ ಹೆಚ್ಚಾಗಿ ಹೋಗದೆ 300ಕ್ಕೂ ಹೆಚ್ಚು ಗಜಗಳನ್ನು ಓಡಿಯೇ ಗಳಿಸಿತು. ಅಷ್ಟು ದೂರವನ್ನು ಓಟದಿಂದ ಬಿಟ್ಟುಕೊಡುವುದೆಂದರೆ ಗೆರೆಯ ಮೇಲೆ ನಿಂತವರು ಹಿಂದಕ್ಕೆ ತಳ್ಳಿಸಿಕೊಂಡರು ಎಂದೇ ಅರ್ಥ. ಆ ವರ್ಷ ತಂಡ ಸತತ ಆರು ಪಂದ್ಯಗಳನ್ನು ಸೋತು, ತವರಿನಲ್ಲೇ ಕ್ಯಾನ್ಸಸ್‌ಗೆ 57-56ರಿಂದ ಮಣಿದು, 5 ಗೆಲುವು 7 ಸೋಲಿನೊಂದಿಗೆ ಋತು ಮುಗಿಸಿತು.

ಆಗಷ್ಟೇ ಮುಖ್ಯ ತರಬೇತುದಾರರಾಗಿ ಬಂದಿದ್ದ ಸ್ಟೀವ್ ಸಾರ್ಕಿಸಿಯನ್ ಅದಕ್ಕೆ ಮುನ್ನ ಅಲಬಾಮಾದಲ್ಲಿ ನಿಕ್ ಸೇಬನ್ ಅವರ ಕೈಕೆಳಗೆ ದಾಳಿಯ ಹೊಣೆ ಹೊತ್ತವರು. ಅಲ್ಲಿ ಲೈನ್ ಆಟಗಾರರನ್ನು, ಅಂದರೆ ಮುಂಚೂಣಿಯ ಆ ಐವರನ್ನು, ಪಳಗಿಸುತ್ತಿದ್ದ ಕೈಲ್ ಫ್ಲಡ್ ಅವರನ್ನೂ ಜೊತೆಗೆ ಕರೆತಂದಿದ್ದರು. ಅವರಿಬ್ಬರೂ ಹೊಸ ಕ್ವಾರ್ಟರ್‌ಬ್ಯಾಕ್‌ನೊಬ್ಬನಿಂದ ಎಲ್ಲವೂ ಸರಿಹೋದೀತೆಂದು ಕೂರದೆ, 2022ರ ಪ್ರವೇಶ ವರ್ಷದಲ್ಲಿ ಒಟ್ಟಿಗೆ ಏಳು ಮಂದಿ ದಾಳಿ ಲೈನ್ ಆಟಗಾರರನ್ನು ಸೇರಿಸಿಕೊಂಡರು. ಅವರಲ್ಲಿ ಕೆಲ್ವಿನ್ ಬ್ಯಾಂಕ್ಸ್ ಜೂನಿಯರ್ ಮೊದಲ ವರ್ಷದಿಂದಲೇ ಎಡ ಟ್ಯಾಕಲ್ ಆಗಿ ನಿಂತರು. ಅದೇ ಪ್ರವೇಶ ವರ್ಷದಲ್ಲಿ ಕ್ವಾರ್ಟರ್‌ಬ್ಯಾಕ್ ಕ್ವಿನ್ ಎವರ್ಸ್ ಬಂದದ್ದಕ್ಕೆ ಸಿಕ್ಕ ಪ್ರಚಾರದ ಮುಂದೆ ಈ ಏಳು ಮಂದಿಯ ಸುದ್ದಿ ಸಪ್ಪೆಯಾಗಿತ್ತು. ಟೆಕ್ಸಾಸ್ ಮಾಡಿದ ಅತಿ ಜಾಣ ಕೆಲಸ ಅದೇ ಆಗಿತ್ತೆಂದು ಈಗ ಧೈರ್ಯವಾಗಿ ಹೇಳಬಹುದು. 2023ರ ಸೆಪ್ಟೆಂಬರ್‌ನಲ್ಲಿ ಅಲಬಾಮಾದ ಅಂಗಳಕ್ಕೇ ಹೋಗಿ 34-24ರಿಂದ ಗೆದ್ದು, ಕೊನೆಗೆ ಬಿಗ್ 12ರ ಪ್ರಶಸ್ತಿಯನ್ನೂ ಪಡೆದು 12-2ರ ದಾಖಲೆಯೊಂದಿಗೆ ತಂಡ ಹಳೆಯ ಒಕ್ಕೂಟಕ್ಕೆ ವಿದಾಯ ಹೇಳಿತು.

ಇಂಥ ವಲಸೆಗೆ ಹಿಂದಿನ ನಿದರ್ಶನವೂ ಇತ್ತು. 2012ರಲ್ಲಿ ಇದೇ ಬಿಗ್ 12ರಿಂದ ಇದೇ ಎಸ್‌ಇಸಿಗೆ ಟೆಕ್ಸಾಸ್ ಎ ಅಂಡ್ ಎಂ ಮತ್ತು ಮಿಸೌರಿ ಹೋದಾಗ, ಎಸೆತವನ್ನೇ ನೆಚ್ಚಿದ ಇವರ ಆಟ ಅಲ್ಲಿ ನಡೆಯದೆಂಬ ಮಾತು ಎಲ್ಲೆಡೆ ಕೇಳಿಬಂದಿತ್ತು. ಎ ಅಂಡ್ ಎಂ ಮೊದಲ ವರ್ಷವೇ 11 ಪಂದ್ಯ ಗೆದ್ದು, ಅಗ್ರಸ್ಥಾನದಲ್ಲಿದ್ದ ಅಲಬಾಮಾವನ್ನು ಅದರದೇ ಊರಿನಲ್ಲಿ 29-24ರಿಂದ ಸೋಲಿಸಿತು. ಜಾನಿ ಮಾನ್ಜೆಲ್ ಮೊದಲ ವರ್ಷದ ಆಟಗಾರನಾಗಿ ಹೈಸ್ಮನ್ ಗೆದ್ದ ಮೊದಲಿಗರಾದರು. ಜನ ಮಾನ್ಜೆಲ್‌ರನ್ನು ನೆನಪಿಟ್ಟುಕೊಂಡರು, ಆದರೆ ಅವರ ಮುಂದೆ ಅಂಚುಗಳಲ್ಲಿ ನಿಂತಿದ್ದ ಲೂಕ್ ಜೋಕಲ್ ಮತ್ತು ಜೇಕ್ ಮ್ಯಾಥ್ಯೂಸ್ ಮುಂದೆ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಕ್ರಮವಾಗಿ 2ನೆಯ ಮತ್ತು 6ನೆಯ ಸ್ಥಾನದಲ್ಲಿ ಆರಿಸಲ್ಪಟ್ಟವರು ಎಂಬುದನ್ನು ಮರೆತರು. ಅತ್ತ ಮಿಸೌರಿ ಕ್ವಾರ್ಟರ್‌ಬ್ಯಾಕ್ ಹಾಗೂ ಲೈನ್ ಎರಡರಲ್ಲೂ ಗಾಯಗಳಿಂದ ನಲುಗಿ 5-7ಕ್ಕೆ ಕುಸಿಯಿತು. ಮರುವರ್ಷ ಆಟಗಾರರು ಚೇತರಿಸಿಕೊಂಡಾಗ ಅದೇ ತಂಡ 12 ಪಂದ್ಯ ಗೆದ್ದು ತನ್ನ ವಿಭಾಗದ ಪ್ರಶಸ್ತಿ ಪಡೆಯಿತು.

2024ರ ಬೇಸಿಗೆಯಲ್ಲಿ ಟೆಕ್ಸಾಸ್‌ನ ಲೆಕ್ಕಪುಸ್ತಕ ತೆರೆದಾಗ ಜಮಾ ಬದಿಯಲ್ಲಿ ಮೊದಲು ಕಂಡದ್ದು ದಾಳಿ ಲೈನ್. ಐವರಲ್ಲಿ ನಾಲ್ವರು ಹಳಬರು ಹಿಂದಿರುಗಿದ್ದರು. ಎವರ್ಸ್ ಉಳಿದುಕೊಂಡಿದ್ದರು, ಅವರ ಬೆನ್ನಿಗೆ ಪ್ರಸಿದ್ಧ ಮ್ಯಾನಿಂಗ್ ಮನೆತನದ ಆರ್ಚ್ ಮ್ಯಾನಿಂಗ್ ಇದ್ದರು. ಖರ್ಚಿನ ಬದಿಯೂ ಸಣ್ಣದಾಗಿರಲಿಲ್ಲ. ಎಸೆದ ಚೆಂಡನ್ನು ಹಿಡಿಯುವ ರಿಸೀವರ್‌ಗಳಲ್ಲಿ ಮುಖ್ಯರಾದವರೆಲ್ಲ ವೃತ್ತಿಪರ ಲೀಗ್‌ಗೆ ಹೋಗಿದ್ದರು. ಆಯ್ಕೆಗೆ ಮುನ್ನ ನಡೆಯುವ ಪರೀಕ್ಷೆಯಲ್ಲಿ 40 ಗಜವನ್ನು 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಬರೆದ ಝೇವಿಯರ್ ವರ್ದಿ ಅವರಲ್ಲೊಬ್ಬರು. ಅದಕ್ಕಿಂತ ದೊಡ್ಡ ಆತಂಕ ರಕ್ಷಣೆಯ ನಡುಭಾಗದ್ದಾಗಿತ್ತು, ಏಕೆಂದರೆ ಸುಮಾರು 166 ಕಿಲೋ ತೂಗುತ್ತಿದ್ದ ಟಿವಾಂಡ್ರೆ ಸ್ವೆಟ್ ಮತ್ತು ಮೊದಲ ಸುತ್ತಿನಲ್ಲೇ ಆಯ್ಕೆಯಾದ ಬೈರನ್ ಮರ್ಫಿ ಇಬ್ಬರೂ ಒಮ್ಮೆಗೇ ನಿರ್ಗಮಿಸಿದ್ದರು. ಓಟದ ಆಟವನ್ನೇ ನೆಚ್ಚಿದ ಒಕ್ಕೂಟಕ್ಕೆ ಹೋಗುವ ಹೊತ್ತಿನಲ್ಲೇ ನಡುಗಂಬಗಳೆರಡೂ ಇಲ್ಲವಾದರೆ ಗತಿಯೇನು ಎಂಬುದು ಆ ಬೇಸಿಗೆಯ ದೊಡ್ಡ ಪ್ರಶ್ನೆಯಾಗಿತ್ತು.

ರಿಸೀವರ್‌ಗಳ ಕೊರತೆಯನ್ನು ಟೆಕ್ಸಾಸ್ ವರ್ಗಾವಣೆಯಿಂದ ತುಂಬಿಕೊಂಡಿತು. ಹಿಂದೆ ವಿಶ್ವವಿದ್ಯಾಲಯ ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಾಗಿತ್ತು. ಟ್ರಾನ್ಸ್‌ಫರ್ ಪೋರ್ಟಲ್ ಎಂಬ ನೋಂದಣಿ ವ್ಯವಸ್ಥೆ ಬಂದು ನಿಯಮ ಸಡಿಲವಾದ ಮೇಲೆ ಅವನು ತಕ್ಷಣವೇ ಆಡಬಹುದು, ಮತ್ತು 2021ರಿಂದ ತನ್ನ ಹೆಸರಿನ ಬಳಕೆಗೆ ಹಣವನ್ನೂ ಪಡೆಯಬಹುದು. ಹೀಗೆ ಅಲಬಾಮಾದಿಂದ ಐಸಾಯಾ ಬಾಂಡ್, ಹ್ಯೂಸ್ಟನ್‌ನಿಂದ ಮ್ಯಾಥ್ಯೂ ಗೋಲ್ಡನ್ ಬಂದರು. ಪೋರ್ಟಲ್‌ನಲ್ಲಿ ಒಳ್ಳೆಯ ರಿಸೀವರ್ ಸಿಗುವಷ್ಟು ಸುಲಭವಾಗಿ ಒಳ್ಳೆಯ ಲೈನ್ ಆಟಗಾರ ಸಿಗುವುದಿಲ್ಲ. ಸಿಕ್ಕರೂ ಐವರು ಒಬ್ಬರನ್ನೊಬ್ಬರು ನೋಡದೆಯೇ ಅರಿತು ನಡೆಯುವಷ್ಟು ಒಗ್ಗಲು ಕಾಲ ಹಿಡಿಯುತ್ತದೆ.

ಓಕ್ಲಹೋಮಾ ಈ ಮಾತಿನ ನಿಜವನ್ನು ಕಹಿಯಾಗಿಯೇ ಅನುಭವಿಸಿತು. ಅದರ ತಯಾರಿಯ ಅವಧಿ ಮೊದಲಿಗೇ ಮುರಿದಿತ್ತು: 2021ರ ನವೆಂಬರ್‌ನಲ್ಲಿ ತರಬೇತುದಾರ ಲಿಂಕನ್ ರೈಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು, ರಕ್ಷಣೆಯ ಪರಿಣತರಾದ ಬ್ರೆಂಟ್ ವೆನಬಲ್ಸ್ ಬಂದು ಮೊದಲಿನಿಂದ ಕಟ್ಟತೊಡಗಿದರು. 2022ರಲ್ಲಿ 6-7, ಅದರಲ್ಲಿ ಟೆಕ್ಸಾಸ್ ಎದುರಿನ 49-0ರ ಸೋಲೂ ಸೇರಿತ್ತು. 2023ರಲ್ಲಿ 10-3, ಮತ್ತು ಡಲ್ಲಾಸ್‌ನಲ್ಲಿ ಟೆಕ್ಸಾಸ್ ಮೇಲೆಯೇ 34-30ರ ಗೆಲುವು. ಅಂಕಿಗಳನ್ನಷ್ಟೇ ನೋಡಿದವರಿಗೆ ಎರಡೂ ತಂಡಗಳು ಸರಿಸುಮಾರು ಒಂದೇ ಮಟ್ಟದಲ್ಲಿ ಹೊಸ ಒಕ್ಕೂಟದ ಹೊಸ್ತಿಲಿಗೆ ಬಂದಂತೆ ಕಂಡಿದ್ದರೆ ತಪ್ಪಲ್ಲ. ಆದರೆ ಆ 10 ಗೆಲುವುಗಳನ್ನು ತಂದ ದಾಳಿ ಲೈನ್‌ನ ಐವರೂ 2024ರಲ್ಲಿ ಇರಲಿಲ್ಲ. ಟೈಲರ್ ಗೈಟನ್ ಮೊದಲ ಸುತ್ತಿನಲ್ಲೇ ವೃತ್ತಿಪರ ಲೀಗ್‌ಗೆ ಆಯ್ಕೆಯಾದರೆ, ಭವಿಷ್ಯದ ಆಸರೆ ಎನಿಸಿದ್ದ ಕೇಡನ್ ಗ್ರೀನ್ ಎಸ್‌ಇಸಿಯ ಮಿಸೌರಿಗೇ ವರ್ಗವಾದರು. ಅನುಭವಿ ಕ್ವಾರ್ಟರ್‌ಬ್ಯಾಕ್ ಡಿಲನ್ ಗೇಬ್ರಿಯಲ್ ಓರೆಗಾನ್‌ಗೆ ಹೋದರು, ದಾಳಿಯ ತರಬೇತುದಾರ ಜೆಫ್ ಲೆಬಿ ಮಿಸಿಸಿಪ್ಪಿ ಸ್ಟೇಟ್‌ನ ಮುಖ್ಯ ತರಬೇತುದಾರರಾದರು. ಬಲವೆಂದು ಹೇಳಬಹುದಾದದ್ದು ರಕ್ಷಣೆ: ಲೈನ್‌ಬ್ಯಾಕರ್ ಡ್ಯಾನಿ ಸ್ಟಟ್ಸ್‌ಮನ್, ಹಿಂಬದಿಯ ಬಿಲ್ಲಿ ಬೌಮನ್ ವೃತ್ತಿಪರ ಆಸೆಯನ್ನು ಒಂದು ವರ್ಷ ಮುಂದೂಡಿ ಉಳಿದಿದ್ದರು. ಎಸೆತದ ವೈಭವಕ್ಕೆ ಹೆಸರಾಗಿದ್ದ ತಂಡ ಈಗ ರಕ್ಷಣೆಯನ್ನು ನೆಚ್ಚಿ ಹೊರಟಿತ್ತು.

ವೇಳಾಪಟ್ಟಿಯೂ ಸಮನಾಗಿ ಹಂಚಿಕೆಯಾಗಲಿಲ್ಲ. 16 ತಂಡಗಳ ಒಕ್ಕೂಟದಲ್ಲಿ ಪ್ರತಿ ತಂಡಕ್ಕೆ ಎಂಟೇ ಒಳಪಂದ್ಯಗಳಿರುವಾಗ ಯಾರು ಯಾರಿಗೆ ಎದುರಾಗುತ್ತಾರೆಂಬುದು ಅರ್ಧ ಹಣೆಬರಹವಿದ್ದಂತೆ. ಟೆಕ್ಸಾಸ್‌ಗೆ ಜಾರ್ಜಿಯಾ ಬಂದರೂ ಅಲಬಾಮಾ, ಟೆನೆಸ್ಸಿ, ಲೂಸಿಯಾನಾ ಸ್ಟೇಟ್ ತಪ್ಪಿದವು. ಓಕ್ಲಹೋಮಾಗೆ ಆ ಮೂರೂ ಬಂದವು, ಜೊತೆಗೆ ಮಿಸಿಸಿಪ್ಪಿ, ಮಿಸೌರಿ, ಸೌತ್ ಕ್ಯಾರೊಲಿನಾ, ಮತ್ತು ಪ್ರತಿವರ್ಷದಂತೆ ಟೆಕ್ಸಾಸ್. ಋತುವಿಗೆ ಮುನ್ನ ಎಸ್‌ಇಸಿಯ ಪತ್ರಕರ್ತರು ಟೆಕ್ಸಾಸ್‌ಗೆ ಎರಡನೆಯ, ಓಕ್ಲಹೋಮಾಗೆ ಎಂಟನೆಯ ಸ್ಥಾನವನ್ನು ಊಹಿಸಿದ್ದರು.

ಓಕ್ಲಹೋಮಾದ ವಿಷಯದಲ್ಲಿ ಆ ಊಹೆಯೂ ಉದಾರವೆನಿಸಿತು. ತವರಿನ ಮೊದಲ ಎಸ್‌ಇಸಿ ಪಂದ್ಯದಲ್ಲೇ ಟೆನೆಸ್ಸಿ 25-15ರಿಂದ ಗೆದ್ದಿತು; ಆ ತಂಡದ ತರಬೇತುದಾರ ಜಾಶ್ ಹೈಪಲ್ 2000ರಲ್ಲಿ ಓಕ್ಲಹೋಮಾಗೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕ್ವಾರ್ಟರ್‌ಬ್ಯಾಕ್ ಆಗಿದ್ದು, ಮುಂದೆ ಅಲ್ಲೇ ಸಹಾಯಕ ತರಬೇತುದಾರನ ಕೆಲಸ ಕಳೆದುಕೊಂಡವರೆಂಬುದು ಆ ಸಂಜೆಯ ಕಹಿಯನ್ನು ಹೆಚ್ಚಿಸಿತು. ಯುವ ಕ್ವಾರ್ಟರ್‌ಬ್ಯಾಕ್ ಜ್ಯಾಕ್ಸನ್ ಆರ್ನಾಲ್ಡ್‌ಗೆ ಎಸೆಯಲು ಸಮಯವೂ ಸಿಗಲಿಲ್ಲ, ಎಸೆದರೆ ಹಿಡಿಯುವವರೂ ಇರಲಿಲ್ಲ. ಪ್ರಮುಖ ಐವರು ರಿಸೀವರ್‌ಗಳೂ ಗಾಯಗೊಂಡು ಹೊರಗುಳಿದ ಹೊತ್ತಿನಲ್ಲಿ ಸೌತ್ ಕ್ಯಾರೊಲಿನಾ 35-9ರಿಂದ ಸೋಲಿಸಿತು, ದಾಳಿಯ ತರಬೇತುದಾರರನ್ನು ಋತುವಿನ ನಡುವೆಯೇ ತೆಗೆದುಹಾಕಲಾಯಿತು. ಒಟ್ಟು 6-7, ಒಕ್ಕೂಟದಲ್ಲಿ 2-6. ಆದರೂ ಬಲದ ಲೆಕ್ಕ ಸುಳ್ಳಾಗಲಿಲ್ಲ: ನವೆಂಬರ್‌ನಲ್ಲಿ ಅದೇ ರಕ್ಷಣೆ ಅಲಬಾಮಾದ ಮೂರು ಎಸೆತಗಳನ್ನು ಕಸಿದು, ಒಂದನ್ನು ನೇರ ಟಚ್‌ಡೌನ್‌ಗೆ ಒಯ್ದು, ತಂಡವನ್ನು 24-3ರಿಂದ ಗೆಲ್ಲಿಸಿತು. ಆ ಪಂದ್ಯದಲ್ಲಿ ಓಕ್ಲಹೋಮಾ ಎಸೆಯುವ ಆಸೆಯನ್ನು ಬಹುತೇಕ ಬಿಟ್ಟು ಓಡಿಯೇ ಆಡಿತು.

ಟೆಕ್ಸಾಸ್ ಒಳಪಂದ್ಯಗಳಲ್ಲಿ 7-1 ಸಾಧಿಸಿ, ಒಕ್ಕೂಟದ ಫೈನಲ್‌ಗೂ ರಾಷ್ಟ್ರೀಯ ಸೆಮಿಫೈನಲ್‌ಗೂ ತಲುಪಿತು. ಇಲ್ಲಿ ಕುತೂಹಲಕರವಾದದ್ದು, ಬೇಸಿಗೆಯ ವಿಮರ್ಶಕರು ಎಲ್ಲಿ ಎಡವಿದರೆಂಬುದು. ಕುಸಿಯುವುದೆಂದು ಎಲ್ಲರೂ ಹೆದರಿದ್ದ ರಕ್ಷಣೆಯ ನಡುಭಾಗ ಕುಸಿಯಲಿಲ್ಲ. ಸ್ವೆಟ್ ಮತ್ತು ಮರ್ಫಿಯರ ನೆರಳಿನಲ್ಲಿ ವರ್ಷಗಟ್ಟಲೆ ಸರದಿ ಕಾದಿದ್ದ ಆಲ್ಫ್ರೆಡ್ ಕಾಲಿನ್ಸ್, ವರ್ನನ್ ಬ್ರೌಟನ್ ಮುಂತಾದವರು ಅದನ್ನು ಹಿಡಿದು ನಿಲ್ಲಿಸಿ ತಾವೂ ವೃತ್ತಿಪರ ಲೀಗ್‌ಗೆ ಆಯ್ಕೆಯಾದರು. ಅನುಮಾನಕ್ಕೆ ಆಸ್ಪದವಿಲ್ಲವೆಂದು ಭಾವಿಸಿದ್ದ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲೇ ಏರಿಳಿತ ಕಾಣಿಸಿತು: ಎವರ್ಸ್ ಗಾಯದಿಂದ ಎರಡು ಪಂದ್ಯ ತಪ್ಪಿಸಿಕೊಂಡರು, ತವರಿನಲ್ಲಿ ಜಾರ್ಜಿಯಾ ಎದುರು ಮೊದಲರ್ಧದಲ್ಲೇ ತಂಡ 0-23ರಿಂದ ಹಿಂದೆ ಬಿದ್ದಾಗ ಕೆಲಹೊತ್ತು ಅವರನ್ನು ಹೊರಗೆ ಕೂರಿಸಲಾಯಿತು. ಆ ಪಂದ್ಯ 30-15ರಲ್ಲಿ ಹೋಯಿತು, ಒಕ್ಕೂಟದ ಫೈನಲ್ ಕೂಡ ಅದೇ ಜಾರ್ಜಿಯಾಕ್ಕೆ ಹೆಚ್ಚುವರಿ ಅವಧಿಯಲ್ಲಿ 22-19ರಿಂದ ಹೋಯಿತು. ಇಡೀ ಎಸ್‌ಇಸಿಯಲ್ಲಿ ಟೆಕ್ಸಾಸ್‌ಗಿಂತ ಗಟ್ಟಿಯಾದ ಮುಂಚೂಣಿ ಇದ್ದದ್ದು ಒಂದೇ ತಂಡಕ್ಕೆ, ಟೆಕ್ಸಾಸ್ ಎರಡು ಬಾರಿಯೂ ಸೋತದ್ದು ಅದಕ್ಕೇ. ಕೆಲ್ವಿನ್ ಬ್ಯಾಂಕ್ಸ್ ಆ ವರ್ಷ ಲೈನ್ ಆಟಗಾರರಿಗೆ ಮೀಸಲಾದ ಔಟ್‌ಲ್ಯಾಂಡ್ ಹಾಗೂ ಲೊಂಬಾರ್ಡಿ ಪ್ರಶಸ್ತಿಗಳೆರಡನ್ನೂ ಪಡೆದರು.

2025ಕ್ಕೆ ಬರುವಷ್ಟರಲ್ಲಿ ಪಾತ್ರಗಳು ಅದಲುಬದಲಾದವು. ಬ್ಯಾಂಕ್ಸ್ ಸೇರಿ ಟೆಕ್ಸಾಸ್ ಲೈನ್‌ನ ನಾಲ್ವರು ಒಟ್ಟಿಗೆ ಹೊರಟುಹೋದರೂ, ಆರ್ಚ್ ಮ್ಯಾನಿಂಗ್ ಹೆಸರಿನ ಮೋಡಿಯಿಂದ ತಂಡ ಋತುವಿನ ಆರಂಭಕ್ಕೇ ದೇಶದ ಅಗ್ರಸ್ಥಾನ ಪಡೆಯಿತು. ಮೊದಲ ಪಂದ್ಯದಲ್ಲಿ ಓಹಾಯೋ ಸ್ಟೇಟ್‌ಗೆ 14-7ರಿಂದ, ಮುಂದೆ ಫ್ಲೋರಿಡಾ ಮತ್ತು ಜಾರ್ಜಿಯಾಗಳಿಗೂ ಸೋತು 9-3ರಲ್ಲಿ ನಿಂತು, 12 ತಂಡಗಳ ಪ್ಲೇಆಫ್‌ನಿಂದ ಹೊರಗುಳಿಯಿತು. ಓಕ್ಲಹೋಮಾ ಡಲ್ಲಾಸ್‌ನಲ್ಲಿ ಟೆಕ್ಸಾಸ್‌ಗೆ ಸೋತರೂ, ವಾಷಿಂಗ್ಟನ್ ಸ್ಟೇಟ್‌ನಿಂದ ಕರೆತಂದ ಕ್ವಾರ್ಟರ್‌ಬ್ಯಾಕ್ ಜಾನ್ ಮಟೀರ್ ಮತ್ತು ಹಿಂದಿನ ವರ್ಷದ ಅದೇ ರಕ್ಷಣೆಯ ಬಲದಿಂದ 10-2ಕ್ಕೆ ಏರಿ ಪ್ಲೇಆಫ್ ಪ್ರವೇಶಿಸಿತು. ಅಲ್ಲಿ ಅಲಬಾಮಾ ಎದುರು 17-0ರಿಂದ ಮುನ್ನಡೆದಿದ್ದ ತಂಡ ಕೊನೆಗೆ 34-24ರಿಂದ ಸೋತಿತು. 2026ರಿಂದ ಎಸ್‌ಇಸಿಯ ಒಳಪಂದ್ಯಗಳ ಸಂಖ್ಯೆ ಎಂಟರಿಂದ ಒಂಬತ್ತಕ್ಕೆ ಏರಲಿದ್ದು, ಎರಡನೆಯ ಸಾಲಿನ ಆಟಗಾರರ ಮೇಲಿನ ಭಾರ ಎರಡೂ ತಂಡಗಳಿಗೆ ಇನ್ನಷ್ಟು ಹೆಚ್ಚಲಿದೆ.